ವಾಟ ಯಾವ ಕಡೆ?

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಇಂಜಿನಿಯರು ಎಂದೇ ಕರೆಯುತ್ತಿದ್ದರು. ಅವರು ಇಂಜಿನಿಯರಲ್ಲ ಎಂಬ ಸಂಗತಿ ಇಡೀ ಬೀದಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ಅವರು, ಇನ್ನೊಬ್ಬರು ಅವರ ಹೆಂಡತಿ.

ಅವರಾಗಿ ಎಂದೂ ಸುಳ್ಳು ಹೇಳಿದವರಲ್ಲ. ಏಳು ವರ್ಷಗಳ ಹಿಂದೆ ಈ ಮನೆಗೆ ಬಂದ ದಿನ, ಪಕ್ಕದ ಮನೆಯ ಟೈಲರಕ್ಕ ಗೋಡೆಯಾಚೆಯಿಂದ ಕತ್ತು ಚಾಚಿ, "ಎಲ್ಲಣ್ಣಾ ಕೆಲ್ಸ?" ಎಂದು ಕೇಳಿದ್ದಳು.

"ನೀರಿನ ಇಲಾಖೆಯಲ್ಲಿ."

"ಇಂಜಿನಿಯರಾ?"

ಆಗ ಅವರ ಬಾಯಲ್ಲಿ ಎರಡು ಮೊಳೆಗಳಿದ್ದವು. ಕೈಯಲ್ಲಿ ಸುತ್ತಿಗೆ, ಎದುರಿಗೆ ಗೋಡೆಗೆ ಹೊಡೆಯಬೇಕಾದ ಕ್ಯಾಲೆಂಡರು. ಬಾಯಿ ತೆರೆದರೆ ಮೊಳೆ ಬೀಳುತ್ತಿತ್ತು. ಆದ್ದರಿಂದ ಅವರು ನಕ್ಕರು. ಆ ನಗುವನ್ನು ಯಾರು ಬೇಕಾದರೂ 'ಹೌದು' ಎಂದು ಓದಬಹುದಿತ್ತು. ಟೈಲರಕ್ಕ ಹಾಗೇ ಓದಿದಳು, ಸಂಜೆಯೊಳಗೆ ಬೀದಿಗೆಲ್ಲ ಓದಿ ಹೇಳಿದಳು. ಮೊಳೆಗಳು ಐದು ನಿಮಿಷದಲ್ಲಿ ಬಾಯಿಂದ ಹೊರಬಂದವು. ನಿಜ ಮಾತ್ರ ಏಳು ವರ್ಷವಾದರೂ ಹೊರಬರಲಿಲ್ಲ.

ನಿಜ ಇಷ್ಟೇ: ಅವರು ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತರು. ಬಂದ ಕಾಗದಗಳನ್ನೆಲ್ಲ ಒಡೆದು, 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಹೊಡೆದು, ದಪ್ಪ ಪುಸ್ತಕದಲ್ಲಿ ನಂಬರು ಹಾಕಿ ಆಯಾ ಮೇಜಿಗೆ ಕಳಿಸುವುದು ಅವರ ಕೆಲಸ. ಇಲಾಖೆಯ ನೀರಿಗೂ ಅವರಿಗೂ ಇದ್ದ ಸಂಬಂಧವೆಂದರೆ ಮುದ್ರೆಯ ಸ್ಪಂಜನ್ನು ಒದ್ದೆ ಮಾಡುವಷ್ಟು.

ಆದರೂ ಬೀದಿಯವರು ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ನಲ್ಲಿ ಸೋರಿದರೆ ಕೇಳುತ್ತಿದ್ದರು, ಟ್ಯಾಂಕು ತುಂಬದಿದ್ದರೆ ಕೇಳುತ್ತಿದ್ದರು. ಇಂಜಿನಿಯರು ತಲೆ ಒಂದು ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ, "ಒತ್ತಡ ನೋಡ್ಬೇಕು," ಎನ್ನುತ್ತಿದ್ದರು. ಈ ಮಾತು ಎಲ್ಲದಕ್ಕೂ ಹೊಂದುತ್ತಿತ್ತು. ಟೈಲರಕ್ಕನಂತೂ ಅವರ ಅಂಗಿಗಳಿಗೆ ಕೇಳದೆಯೇ ಒಂದು ಜೇಬು ಜಾಸ್ತಿ ಹೊಲಿಯುತ್ತಿದ್ದಳು. "ಇಂಜಿನಿಯರಣ್ಣ ಅಲ್ವಾ, ಪೆನ್ನು ಸ್ಕೇಲು ಇಡ್ಬೇಕಲ್ಲ!" ಆ ಜೇಬಿನಲ್ಲಿ ಅವರು ಬಸ್ಸಿನ ಪಾಸು ಇಡುತ್ತಿದ್ದರು.

"ಒಂದಲ್ಲ ಒಂದು ದಿನ ಮುಗ್ಗರಿಸಿ ಬೀಳ್ತೀರಿ ನೋಡಿ," ಎಂದು ಹೆಂಡತಿ ಹೇಳುತ್ತಿದ್ದಳು.

"ನಾನೇನು ಇಂಜಿನಿಯರು ಅಂತ ಬೋರ್ಡು ಹಾಕ್ಕೊಂಡಿದೀನಾ?"

"ಬೋರ್ಡೊಂದು ಬಾಕಿ."

ಬೀಳಲು ಕಾರಣವಾದದ್ದು ಷಡ್ಡಕ. ಹೆಂಡತಿಯ ತಂಗಿಯ ಗಂಡನಾದ ಆತ ತನ್ನ ಮನೆಯ ಹಿಂದೆ ಕಲ್ಲುಚಪ್ಪಡಿ ಹಾಸಿಸಿ, ನಾಲ್ಕು ಕುರ್ಚಿ ಹಾಕಿ, ಇವರಿಬ್ಬರನ್ನೂ ಟೀಗೆ ಕರೆದ. ಕರೆದವನು ಸುಮ್ಮನೆ ಟೀ ಕೊಡಬಾರದೇ? "ನೀವು ಇಂಜಿನಿಯರು, ಹೇಳಿ ಭಾವ, ಹೇಗಿದೆ ಕೆಲ್ಸ?" ಎಂದ. ಷಡ್ಡಕನಿಗೆ ನಿಜ ಗೊತ್ತೋ ಗೊತ್ತಿಲ್ಲವೋ ಎಂಬುದು ಇಂಜಿನಿಯರಿಗೆ ಎಂದೂ ಬಗೆಹರಿದಿರಲಿಲ್ಲ. ಆತನ ನಗು ಎರಡು ಕಡೆಗೂ ಹರಿಯುವಂಥದ್ದು. ಮನೆಗೆ ಬಂದವರೇ ಅವರು ಹಿತ್ತಿಲ ಬಾಗಿಲು ತೆರೆದು, ಹುಲ್ಲು ಬೆಳೆದ ಮಣ್ಣನ್ನು ನೋಡಿ, "ನಾವೂ ಹಾಸಿಸೋಣ. ಅವನದಕ್ಕಿಂತ ಎರಡು ಚಪ್ಪಡಿ ಜಾಸ್ತಿ," ಎಂದು ಘೋಷಿಸಿದರು.

ಕೆಲಸಕ್ಕೆ ಬಂದವಳು ಮೇಸ್ತ್ರಿಯಮ್ಮ. ಗಂಡ ಕಲಿಸಿದ ಕಸುಬನ್ನು ಗಂಡನಿಗಿಂತ ಚೆನ್ನಾಗಿ ಮಾಡುವವಳೆಂದು ಹೆಸರಾದವಳು. ಸೀರೆಯ ಮೇಲೆ ಗಂಡಸರ ಅಂಗಿ, ಕಿವಿಯ ಹಿಂದೆ ಪೆನ್ಸಿಲು, ಕಂಕುಳಲ್ಲಿ ಗುಳ್ಳೆ ಓಡಾಡುವ ರಸಮಟ್ಟ. ಬೀದಿಯ ಕೊನೆಯಲ್ಲೇ ಇದು ಇಂಜಿನಿಯರ ಮನೆ ಎಂದು ಕೇಳಿಕೊಂಡು ಬಂದಿದ್ದರಿಂದ ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟು ಬಂದಳು. ಹಿತ್ತಿಲನ್ನು ಉದ್ದಗಲ ನಡೆದು ನೋಡಿ, ಮೊದಲ ಪ್ರಶ್ನೆ ಕೇಳಿದಳು.

"ವಾಟ ಯಾವ ಕಡೆ ಕೊಡ್ಲಿ ಸಾರ್?"

ವಾಟ ಎಂದರೆ ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಇಳಿಜಾರು. ಬಚ್ಚಲು ತೊಳೆದವರಿಗೆಲ್ಲ ಇದು ಗೊತ್ತು. ನಮ್ಮ ಇಂಜಿನಿಯರು ಬಚ್ಚಲು ತೊಳೆದವರಲ್ಲ.

'ವಾಟ ಅಂದ್ರೇನಮ್ಮ?' ಎಂದು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಂಜಿನಿಯರು ಮೇಸ್ತ್ರಿಯನ್ನು ಕೇಳುವುದುಂಟೇ? ಚಪ್ಪಡಿಗಳ ಅಂಚಿಗೆ ಮಾಡುವ ಏನೋ ಒಂದು ಅಲಂಕಾರ ಇರಬೇಕು ಎಂದು ಅವರು ಊಹಿಸಿದರು. ಕುರ್ಚಿ ಹಾಕಿ ಕೂತವರ ಕಣ್ಣು ಎತ್ತ ಹೋಗುತ್ತದೆ ಎಂದು ಲೆಕ್ಕ ಹಾಕಿ, ಟೈಲರಕ್ಕನ ಮನೆಯ ಗೋಡೆಯ ಕಡೆ ಗತ್ತಿನಿಂದ ಕೈ ತೋರಿಸಿದರು.

"ಆ ಕಡೆ."

ಮೇಸ್ತ್ರಿಯಮ್ಮ ಗೋಡೆ ನೋಡಿದಳು, ಅವರ ಮುಖ ನೋಡಿದಳು. "ಅದು ಪಕ್ಕದವರ ಗೋಡೆ ಅಲ್ವಾ ಸಾರ್?"

"ಅದಕ್ಕೇ ಆ ಕಡೆ."

"ಮೋರಿ ಈ ಕಡೆ ಮುಂದಿದೆಯಲ್ಲ..."

"ಮೋರಿ ಕಡೆ ಯಾರು ನೋಡ್ತಾರೆ?"

ಮೇಸ್ತ್ರಿಯಮ್ಮ ತುಸು ಹೊತ್ತು ಯೋಚಿಸಿದಳು. ಇಂಜಿನಿಯರು, ಅದೂ ನೀರಿನ ಇಲಾಖೆಯವರು. ಆ ಗೋಡೆ ಬುಡದಲ್ಲಿ ಏನೋ ಇದ್ದೇ ಇರಬೇಕು. "ಕೆಳಗೆ ಪೈಪು ಗೀಪು ಇದೆಯಾ ಸಾರ್?"

"ಎಲ್ಲಾ ಇದೆ."

"ಅಡಿಗೆ ಕಾಲಿಂಚು ಕೊಟ್ರೆ ಸಾಕಲ್ವಾ?"

"ಅರ್ಧ ಇಂಚು ಕೊಡಿ. ಧಾರಾಳವಾಗಿರ್ಲಿ, ಕಂಜೂಸ್ತನ ಬೇಡ."

ಎರಡನೆಯ ಪ್ರಶ್ನೆ ಚಪ್ಪಡಿಗಳ ನಡುವಿನ ಸಂದಿನದು. "ಸಂದಿಗೆ ಏನು ತುಂಬ್ಲಿ ಸಾರ್? ನೀರು ಕುಡಿಯೋ ಗಾರೆ ಬರುತ್ತೆ, ಕೆಳಗೆ ಜಲ್ಲಿ ಹಾಕಿದ್ರೆ ಮಳೆ ನೀರೆಲ್ಲಾ ಅಲ್ಲೇ ಇಂಗುತ್ತೆ, ಯಾರಿಗೂ ತೊಂದ್ರೆ ಇಲ್ಲ. ಇಲ್ಲಾಂದ್ರೆ ಸಿಮೆಂಟು ಗಾರೆ. ಅದು ಒಂದು ಹನೀನೂ ಕುಡಿಯಲ್ಲ, ಬಿದ್ದ ನೀರನ್ನೆಲ್ಲಾ ಹೊರಗೇ ಓಡಿಸುತ್ತೆ. ನಾನಾದ್ರೆ ಕುಡಿಯೋದನ್ನೇ ಹಾಕ್ತಿದ್ದೆ."

ಕುಡಿಯುವ ಗಾರೆ ಎಂಬ ಮಾತೇ ಅವರಿಗೆ ಹಿಡಿಸಲಿಲ್ಲ. ಗಾರೆ ಎಂದರೆ ಗಟ್ಟಿಯಾಗಿರಬೇಕು. ಕುಡಿಯುವಂಥದ್ದು ಏನು ಗಟ್ಟಿ? ಅಂಗಡಿಗೆ ಹೋಗಿ ಚೀಲಗಳ ಮೇಲೆ ಬರೆದದ್ದನ್ನು ಒಂದೊಂದಾಗಿ ಓದಿ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ 'ಅತಿ ಗಟ್ಟಿ' ಎಂದು ಬರೆದ ಚೀಲವನ್ನು ಆರಿಸಿದರು. ಅಂಗಡಿಯವ ತಲೆಬಾಗಿ, "ಇದನ್ನ ಸೇತುವೆಗೆ ತಗೊಂಡ್ ಹೋಗ್ತಾರೆ ಸಾರ್," ಎಂದ. ಇಂಜಿನಿಯರು ಚೀಲಕ್ಕೆ ಎರಡು ಸಲ ತಟ್ಟಿ, "ಸಾಕು, ಸದ್ಯಕ್ಕೆ," ಎಂದರು.

ಹೀಗೆ ಹಿತ್ತಿಲಲ್ಲಿ ಕಲ್ಲುಹಾಸು ಸಿದ್ಧವಾಯಿತು. ಷಡ್ಡಕನನ್ನು ಟೀಗೆ ಕರೆದರು. ಕುರ್ಚಿಗಳು ನಾಲ್ಕೂ ಟೈಲರಕ್ಕನ ಗೋಡೆಯ ಕಡೆ ಬಗ್ಗಿ ನಿಂತಿದ್ದವು, ಯಾರೋ ದೊಡ್ಡವರಿಗೆ ತಲೆಬಾಗಿದ ಹಾಗೆ. ತಟ್ಟೆಯಿಂದ ಜಾರಿದ ಕಿತ್ತಳೆ ಹಣ್ಣೊಂದು ಯಾರೂ ತಳ್ಳದೆಯೇ ಹಿತ್ತಿಲುದ್ದಕ್ಕೂ ಉರುಳಿ ಗೋಡೆ ಮುಟ್ಟಿತು. ಹೆಂಡತಿ ಒಂದು ಬಕೆಟ್ ನೀರು ಸುರಿದು ಕಲ್ಲು ತೊಳೆದಳು. ನೀರು ಒಂದು ಹನಿಯೂ ನಿಲ್ಲದೆ ಸರ್ರನೆ ಓಡಿ ಗೋಡೆಯ ಬುಡದಲ್ಲಿ ಮಾಯವಾಯಿತು.

"ಎಲ್ಲಿಗೆ ಹೋಯ್ತು ಭಾವ ನೀರು?" ಎಂದ ಷಡ್ಡಕ, ನಿಜಕ್ಕೂ ಬೆರಗಾಗಿ.

"ಅದೇ ತಂತ್ರ," ಎಂದರು ಇಂಜಿನಿಯರು.

ಮುಂದಿನ ವಾರ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ಬೆಳಗ್ಗೆ ಟೈಲರಕ್ಕ ಗೇಟಿನಲ್ಲಿ ನಿಂತು, "ಇಂಜಿನಿಯರಣ್ಣಾ, ಸ್ವಲ್ಪ ಬನ್ನಿ, ನನ್ನ ಹಿಂದಿನ ರೂಮು ನೋಡಿ," ಎಂದು ಕರೆದಳು.

ಅವಳ ಹಿಂದಿನ ಕೋಣೆಯಲ್ಲಿ ಹೊಲಿಗೆ ಮುಗಿದ ಬಟ್ಟೆಗಳಿರುತ್ತಿದ್ದವು. ಆ ಹೊತ್ತಿಗೆ ಅಲ್ಲಿದ್ದದ್ದು ಊರಿನ ಬ್ಯಾಂಡಿನವರ ಸಮವಸ್ತ್ರ: ಇಪ್ಪತ್ತೆರಡು ಕೆಂಪು ಕೋಟು, ಇಪ್ಪತ್ತೆರಡು ಬಿಳಿ ಪ್ಯಾಂಟು, ಜೋಡಿ ಜೋಡಿಯಾಗಿ ಗಂಟು ಕಟ್ಟಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದಳು. ಭಾನುವಾರದ ಕ್ರೀಡಾಕೂಟದ ಮೆರವಣಿಗೆಗೆ ಬೇಕಾದದ್ದು. ನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಿದ್ದಳು. ಗೋಡೆಯ ಬುಡದಿಂದ ನೀರು ಜಿನುಗಿ, ಮೂಲೆಯಲ್ಲಿ ಒಂದು ತಟ್ಟೆಯಗಲ ನಿಂತಿತ್ತು.

ಇಂಜಿನಿಯರು ತಲೆ ವಾಲಿಸಿದರು. ಕಣ್ಣು ಕಿರಿದು ಮಾಡಿದರು. ಬೆರಳು ಅದ್ದಿ ಮೂಸಿದರು. 'ಒತ್ತಡ ನೋಡ್ಬೇಕು' ಎನ್ನಲು ಬಾಯಿ ತೆರೆದರೆ, ಅಲ್ಲಿ ಒತ್ತಡ ಹಾಕಲು ಯಾವ ನಲ್ಲಿಯೂ ಇರಲಿಲ್ಲ. ಬಾಯಿ ತೆರೆದದ್ದಾಯಿತು, ಏನಾದರೂ ಬರಲೇಬೇಕು.

"ಒರತೆ," ಎಂದರು.

"ಒರತೆನಾ!"

"ಭೂಮಿಯೊಳಗಿನ ನೀರು. ಮಳೆಗಾಲದಲ್ಲಿ ಕಣ್ಣು ಬಿಡುತ್ತೆ."

"ಬಟ್ಟೆ ಗಂಟೆಲ್ಲಾ ಮೇಲೆ ಎತ್ತಿಡ್ಬೇಕಾ ಅಣ್ಣಾ? ಮಂಚ ಖಾಲಿ ಮಾಡ್ಬೇಕಾಗುತ್ತೆ, ಒಬ್ಬಳೇ ಇದೀನಿ..."

"ಏನೂ ಬೇಡ. ಒರತೆ ನೀರು ಇದ್ದಲ್ಲೇ ಇರುತ್ತೆ, ಹರಡಲ್ಲ."

ಮನೆಗೆ ಬಂದು ಟವೆಲಿನಿಂದ ಕಾಲು ಒರೆಸಿಕೊಳ್ಳುತ್ತ, ಹಿತ್ತಿಲ ಕಡೆ ಕಣ್ಣು ಹಾಯಿಸಿದರು. ಮತ್ತೆ ಮಳೆ ಹನಿಯತೊಡಗಿತ್ತು. ಹನಿಗಳೆಲ್ಲ ಒಂದೇ ಶಾಲೆಯ ಮಕ್ಕಳಂತೆ ಸಾಲುಗಟ್ಟಿ ಟೈಲರಕ್ಕನ ಗೋಡೆಯ ಕಡೆ ಓಡುತ್ತಿದ್ದವು. ಅವರು ಟವೆಲು ಹಿಡಿದೇ ನಿಂತರು.

"ಏನೇ, ವಾಟ ಅಂದ್ರೇನೇ?"

"ಇಳಿಜಾರು. ನೀರು ಹೋಗೋಕೆ ಕೊಡ್ತಾರಲ್ಲ," ಎಂದಳು ಹೆಂಡತಿ ಪಾತ್ರೆ ತೊಳೆಯುತ್ತ. "ಯಾಕೆ?"

ಅವಳು ತಿರುಗಿ ನೋಡಿದಳು. ಗಂಡನ ಮುಖ ನೋಡಿದಳು, ಹಿತ್ತಿಲು ನೋಡಿದಳು, ಗೋಡೆ ನೋಡಿದಳು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಅಯ್ಯೋ ನಿಮ್ಮ! ಹೋಗಿ ಅವಳಿಗೆ ಹೇಳಿ. ಈಗಲೇ ಹೋಗಿ."

"ಹೋಗ್ತೀನಿ, ಹೋಗ್ತೀನಿ. ಒಂದ್ನಿಮಿಷ ಕೂತ್ಕೊಂಡು ಹೋಗ್ತೀನಿ."

ಕೂತರು. ಆ ಒಂದು ನಿಮಿಷ ಸಂಜೆಯವರೆಗೂ ನಡೆಯಿತು. ಸಂಜೆ ಎದ್ದು ಚಪ್ಪಲಿ ಮೆಟ್ಟಿ ಗೇಟು ತೆರೆದರೆ, ಬೀದಿಯಲ್ಲಿ ಕೊಡೆಗಳ ಸಂತೆ. ನಡುವೆ ಬೀದಿ ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು.

"ಇಂಜಿನಿಯರೇ! ನಮ್ಮ ಬೀದಿಗೆ ಒರತೆಯಂತೆ! ಬೇಸಗೆಯಲ್ಲಿ ನಲ್ಲಿಗಳು ಹಾವಿನ ಹಾಗೆ ಬುಸ್ ಅಂತಾವೆ, ಇಲ್ಲಿ ನೋಡಿದ್ರೆ ಕಾಲ ಕೆಳಗೇ ಗಂಗೆ! ನಿಮ್ಮ ಇಲಾಖೆಗೆ ಅರ್ಜಿ ಬರೆದಾಯ್ತು. ಮೂವತ್ತೊಂದು ಸಹಿ."

"ಅದು... ಹೆಡ್‌ಮಾಸ್ಟ್ರೇ... ಇನ್ನೂ ಸ್ವಲ್ಪ ನೋಡ್ಬೇಕಿತ್ತು..."

"ನೋಡಿ ನೋಡಿ ನಿಮ್ಮ ಇಲಾಖೆಯೋರು ಕೆಟ್ರು. ಇವತ್ತೇ ಕಳಿಸ್ತೀನಿ."

ಟೈಲರಕ್ಕ ಗುಂಪಿನಿಂದಲೇ ಕೈಬೀಸಿ ಅವರಿಗೆ ನಕ್ಕಳು. ಇಂಜಿನಿಯರು ಚಪ್ಪಲಿ ಬಿಟ್ಟು ಒಳಗೆ ಹೋದರು. ಹೆಂಡತಿ, "ಹೇಳಿದ್ರಾ?" ಎಂದಳು. "ಜನ ಇದ್ರು," ಎಂದರು.

ಅರ್ಜಿಗೆ ಕಾಲು ಬಂದು ಎಲ್ಲಿಗೆ ಹೋಯಿತು? ಮಾರನೆಯ ದಿನ ಬೆಳಗ್ಗೆ ಅವರದೇ ಮೇಜಿಗೆ. ಟಪಾಲಿನ ಗಂಟು ಬಿಚ್ಚಿದರೆ ಎಲ್ಲಕ್ಕಿಂತ ಮೇಲೆ ಅದೇ ಕೂತಿತ್ತು, ಹೆಡ್‌ಮಾಸ್ಟರ ಮುತ್ತಿನಂಥ ಅಕ್ಷರದಲ್ಲಿ. 'ತಮ್ಮ ಇಲಾಖೆಯ ಹಿರಿಯ ಇಂಜಿನಿಯರೊಬ್ಬರು ಸ್ವತಃ ಪರೀಕ್ಷಿಸಿ ಒರತೆಯೆಂದು ದೃಢಪಡಿಸಿರುತ್ತಾರೆ.' ಅವರು ಅರ್ಜಿಯನ್ನು ಕಟ್ಟಿನ ತಳಕ್ಕೆ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಡ್ರಾಯರಿಗೆ ಹಾಕಿದರು. ಡ್ರಾಯರು ಮುಚ್ಚುವಷ್ಟರಲ್ಲಿ ಬಾಗಿಲಲ್ಲಿ ಹೆಡ್‌ಮಾಸ್ಟರ ದನಿ ಕೇಳಿಸಿತು: "ನಿನ್ನೆ ಕಳಿಸಿದ ಅರ್ಜಿ ಬಂತಾ ಅಂತ ಕೇಳ್ಬೇಕಿತ್ತು." ಟಪಾಲು ಗುಮಾಸ್ತರು ಬೀರುವಿನ ಹಿಂದೆ ಸರಿದರು. ಸರಿಯುವ ಮೊದಲು ಅರ್ಜಿಗೆ ಮುದ್ರೆ ಹೊಡೆದು ಜವಾನನ ಕೈಗೆ ಕೊಟ್ಟಿದ್ದರು. ಹತ್ತೊಂಬತ್ತು ವರ್ಷದ ರೂಢಿ, ಕೈ ತಾನಾಗಿ ಹೊಡೆದುಬಿಟ್ಟಿತ್ತು. ಸ್ವೀಕರಿಸಲಾಗಿದೆ.

ಇಲಾಖೆಯಲ್ಲಿ ಒಬ್ಬರು ನಿಜವಾದ ಇಂಜಿನಿಯರು ಇದ್ದರು. ತೆಳ್ಳಗಿನ ವಯಸ್ಸಾದ ಮನುಷ್ಯ, ದಿನಕ್ಕೆ ಇಪ್ಪತ್ತು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ. ಅರ್ಜಿಯನ್ನು ಎರಡು ಸಲ ಓದಿ ಟಪಾಲು ಮೇಜಿಗೆ ಬಂದರು.

"ಇದು ನಿಮ್ಮ ಬೀದಿ ಅಲ್ವಾ?"

"ಹೌದು ಸಾರ್."

"ಈ ಹಿರಿಯ ಇಂಜಿನಿಯರು ಯಾರು?"

ಗುಮಾಸ್ತರು ಕೆಮ್ಮಿದರು. ಕೆಮ್ಮು ಮುಗಿಯುವವರೆಗೆ ಕಾಯುವ ತಾಳ್ಮೆ ಇಂಜಿನಿಯರಿಗಿತ್ತು, ಆದರೆ ಕೆಮ್ಮು ಮುಗಿಯಲಿಲ್ಲ.

"ಸರಿ, ನಾಳೆ ಬೆಳಗ್ಗೆ ಜೀಪಲ್ಲಿ ಬನ್ನಿ. ದಾರಿ ತೋರಿಸಿ."

ಹೀಗೆ ತಮ್ಮ ಮಾನ ಹರಾಜಾಗುವ ಜಾಗಕ್ಕೆ ತಾವೇ ಎಡಕ್ಕೆ ಬಲಕ್ಕೆ ಎಂದು ದಾರಿ ಹೇಳುತ್ತ, ಇಲಾಖೆಯ ಜೀಪಿನಲ್ಲಿ ಅವರು ಮಾರನೆಯ ದಿನ ಬಂದಿಳಿದರು. ಬೀದಿಯೆಲ್ಲ ನೆರೆದಿತ್ತು. ಹೆಡ್‌ಮಾಸ್ಟರು ಎರಡೂ ಕೈ ಚಾಚಿ, "ಬನ್ನಿ ಇಂಜಿನಿಯರೇ!" ಎಂದರು. ಇಬ್ಬರೂ ಮುಂದೆ ಹೆಜ್ಜೆ ಇಟ್ಟರು. ಒಬ್ಬರು ಹಿಂದೆ ಸರಿದರು.

ಟೈಲರಕ್ಕನ ಮನೆಯ ಬಾಗಿಲಲ್ಲಿ ಬ್ಯಾಂಡ್ ಮಾಸ್ಟರು ನಿಂತಿದ್ದರು. ಆರಡಿ ಆಳು, ಕೊಂಬಿನಂಥ ಮೀಸೆ, ಕೇಳಿದರೆ ಅಯ್ಯೋ ಎನಿಸುವಷ್ಟು ಮೆತ್ತಗಿನ ದನಿ. ಬೆಳಗ್ಗೆ ಸಮವಸ್ತ್ರ ಒಯ್ಯಲು ಬಂದಿದ್ದರು. ಅವರ ಕೈಯಲ್ಲಿ ಒಂದು ಪ್ಯಾಂಟಿತ್ತು. ನೀರು ಎರಡು ದಿನದಲ್ಲಿ ಕೋಣೆಯುದ್ದಕ್ಕೂ ಹರಡಿ, ಗಂಟುಗಳಿಗೆ ಏರಿ, ಕೆಂಪು ಕೋಟುಗಳ ಬಣ್ಣವನ್ನೆಲ್ಲ ಬಿಳಿ ಪ್ಯಾಂಟುಗಳಿಗೆ ಹಂಚಿತ್ತು. ಇಪ್ಪತ್ತೆರಡೂ ಗುಲಾಬಿ.

"ಅಕ್ಕಾ," ಎಂದರು ಮಾಸ್ಟರು ಮೆಲ್ಲಗೆ, "ಭಾನುವಾರಕ್ಕೆ ಇನ್ನು ಮೂರೇ ದಿನ."

ಟೈಲರಕ್ಕ ಹೊಸ್ತಿಲ ಮೇಲೆ ಕೂತಿದ್ದಳು. "ಎತ್ತಿಡೋಣ ಅಂತಿದ್ದೆ ಮಾಸ್ಟ್ರೇ. ಬೇಡ ಅಂದ್ರು. ಹರಡಲ್ಲ ಅಂದ್ರು," ಎಂದಳು. ಯಾರು ಎಂದು ಹೇಳಲಿಲ್ಲ. ಅವರ ಕಡೆ ನೋಡಲೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಗುಮಾಸ್ತರು ಎರಡೂ ಹೆಗಲು ಮುಟ್ಟಿಕೊಂಡರು.

ನಿಜವಾದ ಇಂಜಿನಿಯರು ಕೋಣೆ ನೋಡಿದರು, ನೀರು ನೋಡಿದರು. "ಈ ಗೋಡೆ ಆಚೆ ಏನಿದೆ?"

"ನಮ್ಮ ಇಂಜಿನಿಯರ ಮನೆ," ಎಂದರು ಹೆಡ್‌ಮಾಸ್ಟರು ಹೆಮ್ಮೆಯಿಂದ.

"ಯಾವ ಇಂಜಿನಿಯರು?"

"ಇವರೇ! ನಿಮ್ಮ ಜೊತೆ ಬಂದಿರೋರು!"

ಇಂಜಿನಿಯರು ತಿರುಗಿ ತಮ್ಮ ಟಪಾಲು ಗುಮಾಸ್ತರನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಓಹೋ," ಎಂದರು. ಅಷ್ಟೇ. ಆ ಎರಡಕ್ಷರದ ಬದಲು ಕಪಾಳಕ್ಕೆ ಎರಡು ಬಿಗಿದಿದ್ದರೆ ಗುಮಾಸ್ತರಿಗೆ ಎಷ್ಟೋ ಹಗುರಾಗುತ್ತಿತ್ತು.

ಬ್ಯಾಂಡ್ ಮಾಸ್ಟರನ್ನೂ ಟೈಲರಕ್ಕನನ್ನೂ ಅಲ್ಲೇ ಬಿಟ್ಟು ಉಳಿದವರೆಲ್ಲ ಗುಮಾಸ್ತರ ಹಿತ್ತಿಲಿಗೆ ಬಂದರು. ಇಂಜಿನಿಯರು ಒಂದು ಬಕೆಟ್ ನೀರು ಕೇಳಿದರು, ಬಟ್ಟೆಗೆ ಹಾಕುವ ನೀಲಿ ಕೇಳಿದರು. ಗುಮಾಸ್ತರ ಹೆಂಡತಿ ಎರಡನ್ನೂ ತಂದುಕೊಟ್ಟು ಗಂಡನ ಕಡೆ ನೋಡದೆ ಬಾಗಿಲಿಗೆ ಒರಗಿ ನಿಂತಳು. ನೀಲಿ ಕಲಸಿದ ನೀರನ್ನು ಕಲ್ಲಿನ ಮೇಲೆ ಸುರಿದರು. ಅದು ಸರ್ರನೆ ಓಡಿತು. ಆಮೇಲೆ ಗೋಡೆಯಾಚೆಯಿಂದ ಬ್ಯಾಂಡ್ ಮಾಸ್ಟರ ಮೆತ್ತಗಿನ ದನಿ ಬಂತು: "ಇಲ್ಲಿ ನೀಲಿ ಬಂತು ಸಾರ್."

"ಒರತೆ ಅಲ್ಲ," ಎಂದರು ಇಂಜಿನಿಯರು. "ವಾಟ ತಪ್ಪಿದೆ. ಈ ಕೆಲ್ಸ ಮಾಡಿದ್ದು ಯಾರು?"

ಬೀದಿಗೆ ಈಗ ಕೋಪ ಹಾಕಲು ಒಂದು ತಲೆ ಬೇಕಿತ್ತು. ಮೇಸ್ತ್ರಿಯಮ್ಮ ಎರಡು ಮನೆ ಆಚೆ ಗೋಡೆ ಕಟ್ಟುತ್ತಿದ್ದಳು. ಅವಳನ್ನು ಗಾರೆ ಮೆತ್ತಿದ ಕೈಯಲ್ಲೇ ಕರೆತಂದರು.

"ಏನಮ್ಮಾ, ವಾಟ ಗೊತ್ತಿಲ್ದೆ ಮೇಸ್ತ್ರಿ ಆಗಿದೀಯಾ?" ಎಂದರು ಹೆಡ್‌ಮಾಸ್ಟರು. "ಮಹಡಿ ಕಟ್ಟೋಕೆ ನಿನಗೇ ಹೇಳೋಣ ಅಂತಿದ್ದೆ. ಸದ್ಯ, ಬಚಾವಾದೆ!"

"ನಮ್ಮ ಬಚ್ಚಲೂ ಇವಳದ್ದೇ," ಎಂದರು ಇನ್ನೊಬ್ಬರು.

ಮೇಸ್ತ್ರಿಯಮ್ಮ ಒಂದು ಸಲ ಗುಮಾಸ್ತರ ಮುಖ ನೋಡಿದಳು. ಗುಮಾಸ್ತರು ತಮ್ಮ ಚಪ್ಪಲಿ ನೋಡುತ್ತಿದ್ದರು. ಅವಳು ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಮತ್ತೆ ಅಲ್ಲೇ ಇಟ್ಟುಕೊಂಡು, "ಸಾಹೇಬ್ರು ಸರಿಯಾಗೇ ಹೇಳಿರ್ತಾರೆ ಸಾರ್. ನಾನೇ ಕೇಳಿಸ್ಕೊಳ್ಳೋದ್ರಲ್ಲಿ ಎಡವಿರ್ಬೇಕು," ಎಂದಳು.

ಅವಳು ಬೈದಿದ್ದರೆ ಅವರು ಬಚಾವಾಗುತ್ತಿದ್ದರು. ವಾದ ಮಾಡಬಹುದಿತ್ತು, ಕೆಮ್ಮಬಹುದಿತ್ತು, ಒತ್ತಡ ನೋಡಬೇಕು ಎನ್ನಬಹುದಿತ್ತು. ಈ ಮಾತಿನ ಮುಂದೆ ಯಾವ ಬೀರುವೂ ಅಡ್ಡ ಸಿಗಲಿಲ್ಲ.

"ಅವರು ಸರಿಯಾಗೇ ಕೇಳಿಸ್ಕೊಂಡ್ರು," ಎಂದರು. ದನಿ ಎಷ್ಟು ಸಣ್ಣಗಾಗಿತ್ತೆಂದರೆ ಹಿಂದಿದ್ದವರು, "ಏನಂತೆ, ಏನಂತೆ?" ಎಂದರು. ಮತ್ತೆ ಹೇಳಬೇಕಾಯಿತು, ಜೋರಾಗಿ. "ವಾಟ ಈ ಕಡೆ ಕೊಡಿ ಅಂದಿದ್ದು ನಾನು. ಅವರು ಬೇಡ ಅಂದ್ರು. ವಾಟ ಅಂದ್ರೇನು ಅಂತ ನನಗೆ ಗೊತ್ತಿರ್ಲಿಲ್ಲ. ಕುಡಿಯೋ ಗಾರೆ ಹಾಕೋಣ ಅಂದ್ರು, ಅದೂ ಕೇಳ್ಲಿಲ್ಲ. ಒರತೆ ಅಲ್ಲ ಅಂತ ಅವತ್ತೇ ಗೊತ್ತಾಯ್ತು, ಆದ್ರೂ ಬಂದು ಹೇಳ್ಲಿಲ್ಲ. ನಾನು ಇಂಜಿನಿಯರ್ ಅಲ್ಲ. ಟಪಾಲು ಗುಮಾಸ್ತ."

ಹೆಡ್‌ಮಾಸ್ಟರ ಕೊಡೆ ಅರ್ಧ ಮಡಚಿದ್ದು ಹಾಗೇ ನಿಂತಿತು.

"ಹಾಗಾದ್ರೆ ಏಳು ವರ್ಷದಿಂದ ನಾವು ನಲ್ಲಿ ಬಗ್ಗೆ ಕೇಳಿದ್ದೆಲ್ಲಾ?"

"ಅಂದಾಜು."

"ನಮ್ಮ ಹಳೇ ಬಾವಿ ಮುಚ್ಚಿಸಿ ಅಂದಿದ್ದು?"

"ಅದೂ ಅಂದಾಜು."

"ಮುಚ್ಚಿಸಿಬಿಟ್ನಲ್ಲಯ್ಯಾ!" ಹೆಡ್‌ಮಾಸ್ಟರು ಗುಮಾಸ್ತರ ಹೆಂಡತಿಯ ಕಡೆ ತಿರುಗಿದರು. "ನಿಮಗಾದ್ರೂ ಗೊತ್ತಿತ್ತಾಮ್ಮಾ?"

"ಗೊತ್ತಿತ್ತು," ಎಂದಳು ಅವಳು. "ನನ್ನದೂ ತಪ್ಪೇ." ಆಮೇಲೆ ಗಂಡನಿಗೆ, "ನಿಂತ್ಕೊಂಡು ಏನ್ ನೋಡ್ತೀರಿ? ಹೋಗಿ ಅವಳ ರೂಮಿನ ನೀರು ಎತ್ತಿ," ಎಂದು ಖಾಲಿ ಬಕೆಟನ್ನು ಕೈಗೆ ಕೊಟ್ಟಳು.

ಬಕೆಟು ಹಿಡಿದು ಹೋದರೆ ಟೈಲರಕ್ಕ ಹೊಸ್ತಿಲಿಂದ ಎದ್ದು, ಅವರಿಗೆ ದಾರಿ ಬಿಟ್ಟು, ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಮಿಷನ್ನಿನ ಸದ್ದು ಬರಲಿಲ್ಲ. ಅವರು ನೀರು ಎತ್ತುತ್ತ ಹೋದರು. ಬೀದಿಯವರು ಕಿಟಕಿಯಲ್ಲಿ ನಿಂತು ನೋಡಿದರು. ಬಗ್ಗಿದಾಗ ಅಂಗಿಯ ಜಾಸ್ತಿ ಜೇಬಿನಿಂದ ಬಸ್ಸಿನ ಪಾಸು ನೀಲಿ ನೀರಿಗೆ ಬಿತ್ತು.

ಜೀಪು ಹತ್ತುವ ಮೊದಲು ನಿಜವಾದ ಇಂಜಿನಿಯರು ಮೇಸ್ತ್ರಿಯಮ್ಮನ ಜೊತೆ ಎರಡು ನಿಮಿಷ ಮಾತಾಡಿದರು. ಚಪ್ಪಡಿ ಕೀಳಬೇಕು, ಜಲ್ಲಿ ಹಾಸಿ ವಾಟ ತಿರುಗಿಸಿ ಕೂರಿಸಬೇಕು, ಮುಂದಿನ ಮೋರಿಗೆ ಕಾಲುವೆ ಬಿಡಬೇಕು. ಚಪ್ಪಡಿ ಒಡೆಯದೆ ಕೀಳಬೇಕಾದರೆ ಮೊದಲು ಸಂದಿನ ಗಾರೆಯನ್ನೆಲ್ಲ ಕೆತ್ತಿ ತೆಗೆಯಬೇಕು.

"ಯಾರು ಕೆತ್ತೋದು?" ಎಂದರು ಇಂಜಿನಿಯರು.

ಮೇಸ್ತ್ರಿಯಮ್ಮ ಉಳಿ ಸುತ್ತಿಗೆಯನ್ನು ಗುಮಾಸ್ತರ ಮುಂದೆ ಇಟ್ಟಳು. "ಸಾಹೇಬ್ರು ಕೆತ್ತಲಿ. ಸೇತುವೆ ಗಾರೆ, ನನ್ನ ಕೈಲಾಗಲ್ಲ."

ಮಾರನೆಯ ದಿನ ರಜೆ ಹಾಕಿ ಕೆತ್ತಲು ಕೂತರು. ಅತಿ ಗಟ್ಟಿ ಎಂದು ಬರೆದವನು ಸತ್ಯವಂತ. ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆದರೆ ಒಂದು ಗೇಣು ಸಂದು ಖಾಲಿಯಾಯಿತು, ಎರಡು ಬೆರಳಿನ ಚರ್ಮ ಹೋಯಿತು. ಬೀದಿಯ ಒಬ್ಬೊಬ್ಬರೇ ಏನಾದರೂ ನೆಪ ಮಾಡಿಕೊಂಡು ಗೋಡೆಯ ಮೇಲಿಂದ ಇಣುಕಿದರು. ಷಡ್ಡಕ ಫೋನು ಮಾಡಿ, "ಏನೋ ರಿಪೇರಿಯಂತೆ ಭಾವ?" ಎಂದ. ಮೇಸ್ತ್ರಿಯಮ್ಮ ಪಕ್ಕದ ಕೆಲಸದಿಂದ ಗಳಿಗೆಗೊಮ್ಮೆ ಬಂದು, "ಉಳಿ ಮಲಗಿಸಿ ಹಿಡೀರಿ ಸಾರ್. ನೆಟ್ಟಗೆ ಹೊಡದ್ರೆ ಕಲ್ಲು ಸೀಳುತ್ತೆ," ಎಂದು ತೋರಿಸಿ ಹೋಗುತ್ತಿದ್ದಳು. ಸಾರ್ ಎಂಬ ಪದ ಕೇಳಿದಾಗಲೆಲ್ಲ ಅವರ ಸುತ್ತಿಗೆ ಹೆಬ್ಬೆರಳ ಮೇಲೆ ಬೀಳುತ್ತಿತ್ತು.

ಅಂದು ಸಂಜೆ ಹೆಂಡತಿಯೂ ಅವರೂ ಇಪ್ಪತ್ತೆರಡು ಪ್ಯಾಂಟುಗಳನ್ನು ಮೂರು ನೀರಲ್ಲಿ ಸೋಪು ಹಾಕಿ ಒಗೆದರು. ಗುಲಾಬಿ ಬಣ್ಣ ಹೋಗಲಿಲ್ಲ. ಇನ್ನಷ್ಟು ಒಂದೇ ಸಮ ಆಯಿತು. ಕೋಟುಗಳ ಜೊತೆ ಒಣಗಿಸಿ, ಇಸ್ತ್ರಿ ಮಾಡಿಸಿ, ಎರಡು ಗಂಟು ಮಾಡಿ ಹೊತ್ತುಕೊಂಡು, ಶನಿವಾರ ಮಧ್ಯಾಹ್ನ ಅವರು ಬ್ಯಾಂಡಿನವರು ಅಭ್ಯಾಸ ಮಾಡುವ ಶೆಡ್ಡಿಗೆ ಹೋದರು.

"ಟೈಲರಕ್ಕನ ತಪ್ಪೇನೂ ಇಲ್ಲ ಮಾಸ್ಟ್ರೇ," ಎಂದರು. "ಅವರಿಗೆ ಕೊಡೋ ಕೆಲ್ಸ ನಿಲ್ಲಿಸ್ಬೇಡಿ. ಹೊಸ ಬಟ್ಟೆ ತರಿಸೋದು ನನ್ನ ಜವಾಬ್ದಾರಿ. ನಾಳೆಗೆ ಮಾತ್ರ... ನಾಳೆಗೆ ಇದೇ ಇರೋದು."

ಬ್ಯಾಂಡ್ ಮಾಸ್ಟರು ಒಂದು ಪ್ಯಾಂಟು ಬಿಡಿಸಿ ಬೆಳಕಿಗೆ ಹಿಡಿದರು. ಹೊಲಿಗೆ ನೋಡಿದರು, ಅಂಚು ಎಳೆದು ನೋಡಿದರು. "ಹೊಲಿಗೆ ಮಾತ್ರ ಚಿನ್ನ," ಎಂದರು. ಆಮೇಲೆ ಇನ್ನೂ ಮೆತ್ತಗೆ, "ನನ್ನ ಇಪ್ಪತ್ತೊಂದು ಜನ ಹಾಕ್ಕೊಳ್ತಾರೆ. ತಾಳದವನು ಮಾತ್ರ ಸತ್ರೂ ಗುಲಾಬಿ ಪ್ಯಾಂಟು ಹಾಕಲ್ಲ ಅಂತ ಬಿಟ್ಟು ಹೋದ. ಒಂದು ಪ್ಯಾಂಟು ಮಿಕ್ಕಿದೆ. ಒಂದು ತಾಳಾನೂ ಮಿಕ್ಕಿದೆ," ಎಂದರು.

ಗುಮಾಸ್ತರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಾಲು ಬಾಗಿಲ ಕಡೆ ತಿರುಗಿತು.

"ನನಗೆ ಬಾರಿಸೋಕೆ ಬರಲ್ಲ," ಎಂದರು. ಗೊತ್ತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ್ದು ಅವರ ಜೀವನದಲ್ಲಿ ಅದೇ ಮೊದಲು.

"ಕಲಿಸ್ತೀನಿ. ಡೋಲು ನಾಲ್ಕು ಹೊಡೆದಾಗ ನೀವು ಒಂದು. ಅಷ್ಟೇ."

ಭಾನುವಾರ ಬೆಳಗ್ಗೆ ಮೆರವಣಿಗೆ ಅವರ ಬೀದಿಯ ಮೇಲೇ ಹೊರಟಿತು. ಮೈದಾನಕ್ಕೆ ಬೇರೆ ದಾರಿ ಇರಲಿಲ್ಲ. ಹಿಂದಿನ ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ ಎಂದು ಅವರು ಬೇಡಿಕೊಂಡಿದ್ದರು. ತಾಳದವನ ಜಾಗ ಮುಂದಿನ ಸಾಲಿನ ನಡುವೆ ಎಂದು ಮಾಸ್ಟರು ಹೇಳಿದ್ದರು. ಕೆಂಪು ಕೋಟು ಅವರಿಗೆ ಭುಜದಲ್ಲಿ ಸಡಿಲ, ಗುಲಾಬಿ ಪ್ಯಾಂಟು ಸೊಂಟದಲ್ಲಿ ಬಿಗಿ. ಮನೆಮನೆಯ ಗೇಟಿನಲ್ಲೂ ಜನ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಯಾರೋ, "ನಮ್ಮ ಇಂಜಿ..." ಎಂದು ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಮುಂದೆ ಏನು ಕರೆಯಬೇಕೋ ತಿಳಿಯದೆ ಸುಮ್ಮನಾದರು. ಗೇಟಿನಲ್ಲಿ ನಿಂತ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನೋಡುವ ಧೈರ್ಯ ಅವರಿಗಿರಲಿಲ್ಲ. ಡೋಲು ನಾಲ್ಕು, ತಾಳ ಒಂದು. ಡೋಲು ನಾಲ್ಕು, ತಾಳ ಒಂದು. ಎಣಿಸುತ್ತ, ಕತ್ತು ಬಗ್ಗಿಸಿ, ಕಿವಿಯವರೆಗೂ ಕೆಂಪಾಗಿ ನಡೆದರು.

ಟೈಲರಕ್ಕನ ಮನೆಯ ಮುಂದೆ ಬಂದಾಗ ತಾಳ ತಪ್ಪಿತು. ಅವಳು ಬಾಗಿಲಲ್ಲಿ ನಿಂತಿದ್ದಳು. ಮೂರು ದಿನದಿಂದ ಒಂದು ಮಾತಾಡಿರಲಿಲ್ಲ, ಮುಖ ಕೊಟ್ಟಿರಲಿಲ್ಲ. ಈಗ ನೇರ ಅವರ ಕಾಲನ್ನೇ ನೋಡುತ್ತಿದ್ದಳು. ನೋಡನೋಡುತ್ತಿದ್ದಂತೆ ಅವಳ ಹುಬ್ಬು ಗಂಟಿಕ್ಕಿತು. "ನಿಲ್ಸಿ!" ಎಂದು ಕೂಗಿ ಮೆಟ್ಟಿಲಿಳಿದು ಬಂದಳು.

ಬ್ಯಾಂಡ್ ಮಾಸ್ಟರು ಕೈ ಎತ್ತಿದರು. ಇಪ್ಪತ್ತೊಂದು ಜನ ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಗುಮಾಸ್ತರು ಕಣ್ಣು ಮುಚ್ಚಿದರು. ಏನು ಬೀಳುತ್ತದೋ ಬೀಳಲಿ ಎಂದು.

ಬಿದ್ದದ್ದು ಏನೂ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಟೈಲರಕ್ಕ ನಡುಬೀದಿಯಲ್ಲಿ ಮಂಡಿಯೂರಿ ಕೂತಿದ್ದಳು. ಅವರ ಎಡಗಾಲಿನ ಪ್ಯಾಂಟಿನ ಅಂಚು ಬಿಚ್ಚಿಕೊಂಡು ನೆಲ ಗುಡಿಸುತ್ತಿತ್ತು. ಅವಳು ರವಿಕೆಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತು, ಬಾಯಲ್ಲಿ ದಾರ ತೇವ ಮಾಡಿ ಪೋಣಿಸಿದಳು.

"ನನ್ನ ಕೈ ಬಟ್ಟೆ ಹೀಗೆ ಊರೆಲ್ಲಾ ಜೋತಾಡಬಾರದು," ಎಂದಳು, ಅವರಿಗೋ ಪ್ಯಾಂಟಿಗೋ. "ಕಾಲು ಅಲ್ಲಾಡಿಸ್ಬೇಡಿ. ಚುಚ್ಚುತ್ತೆ."

"ಅಕ್ಕಾ..." ಎಂದರು ಅವರು.

"ಆಮೇಲೆ. ಈಗ ಮಾತಾಡ್ಬೇಡಿ, ನೀವು ಮಾತಾಡಿದ್ರೆ ಕಾಲೂ ಅಲ್ಲಾಡುತ್ತೆ."

ಅವರು ಎರಡೂ ತಾಳಗಳನ್ನು ಎದೆಗೆ ಒತ್ತಿಕೊಂಡು, ಬೀದಿಯೆಲ್ಲ ನೋಡುತ್ತಿರುವಾಗ, ಉಸಿರು ಬಿಗಿಹಿಡಿದು ನಿಂತರು. ಅವಳು ಅವಸರ ಮಾಡಲಿಲ್ಲ. ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿ, ಗಂಟು ಹಾಕಿ, ಬಗ್ಗಿ ಹಲ್ಲಿನಿಂದ ದಾರ ಕಡಿದಳು.

"ಹ್ಞೂಂ, ನಡೀರಿ," ಎಂದಳು.